ಮೂರನೇ ಸಲ ಕರೆದರೆ

ಒಂದು ನಿಮಿಷ ಮಾತಾಡದೆ ಸುಮ್ಮನೆ ಕೂಡಬೇಕು, ಅಷ್ಟೇ. ಡಾಕ್ಟರ್ ಸಮೀಉಲ್ಲಾ ಎದುರಿಗೆ ಕುರ್ಚಿ ಎಳೆದುಕೊಂಡು, ತಮ್ಮ ಕೈಗಡಿಯಾರವನ್ನೊಮ್ಮೆ ಅವನ ಮುಖವನ್ನೊಮ್ಮೆ ನೋಡುತ್ತ ಕೂತಿದ್ದರು. ರಾಯಚೂರಿನ ತೀನ್ ಕಂದೀಲ್ ಹತ್ತಿರದ ಆ ಸಣ್ಣ ಕೋಣೆಯಲ್ಲಿ ಫ್ಯಾನು ಏಪ್ರಿಲ್ ತಿಂಗಳ ಬಿಸಿಗಾಳಿಯನ್ನೇ ಮತ್ತೆ ಮತ್ತೆ ಸುತ್ತಿ ಕೊಡುತ್ತಿತ್ತು. ಕನಕರಾಜ ಕೈಗಳನ್ನು ಮೊಣಕಾಲ ಮೇಲಿಟ್ಟು, ತುಟಿ ಬಿಗಿದು, ಗೋಡೆಯ ಕ್ಯಾಲೆಂಡರಿನ ಮೇಲೆ ಕಣ್ಣು ನೆಟ್ಟ. ಹತ್ತು ಸೆಕೆಂಡು ಕಳೆದಿರಬೇಕು, ನಾಲಿಗೆ ಒಳಗೆ ಹೊರಳಿತು. ಮೊದಲು ಅದು ಎಡಗೆನ್ನೆಯನ್ನು ಒಳಗಿನಿಂದ ಒತ್ತಿ ನೋಡುತ್ತದೆ, ಕತ್ತಲಲ್ಲಿ ಬಾಗಿಲು ತಡಕುವವರ ಹಾಗೆ. ಆಮೇಲೆ ದವಡೆ ಓರೆಯಾಗಿ ಅರೆಯತೊಡಗುತ್ತದೆ. ತುಟಿಗಳು ಬಿಚ್ಚಿಕೊಳ್ಳುತ್ತವೆ, ಅಗಲವಾಗುತ್ತವೆ, ನಾಲಿಗೆಯ ತುದಿ ಹಲ್ಲಿಗೆ ತಾಗಿ ಹಿಂದೆ ಸರಿಯುತ್ತದೆ, ಮತ್ತೆ ಬರುತ್ತದೆ. ಇದರಲ್ಲಿ ಅವನದು ಏನೂ ಇಲ್ಲ. ತನ್ನ ಬಾಯಿಯ ಹಿಂದೆ ತಾನು ಕೂತಿದ್ದೇನೆ, ಅದು ತನ್ನ ಪಾಡಿಗೆ ಯಾರೊಂದಿಗೋ ವ್ಯವಹಾರ ನಡೆಸಿದೆ, ಅಷ್ಟೇ ಅವನಿಗೆ ಗೊತ್ತಾಗುತ್ತಿದ್ದುದು. ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಊರೆಲ್ಲ ಹೇಳುತ್ತದೆ. ಅವನದು ಬಾಯಿ ಮುಚ್ಚಿದರೆ ಬಣ್ಣಗೇಡು. ಡಾಕ್ಟರು ಗಡಿಯಾರ ನೋಡುವುದನ್ನು ಬಿಟ್ಟು ಹಾಳೆಯಲ್ಲಿ ಏನೋ ಬರೆದುಕೊಂಡರು.

"ಹೋದ ತಿಂಗಳಿಗಿಂತ ಹೆಚ್ಚೇನಿಲ್ಲ" ಎಂದರು. "ಕಿವಿಯೊಳಗ ಏನಾರ ಕೇಳಸ್ತದೇನು?"

"ಇಲ್ರಿ ಸರ್. ಗುಳಿಗಿ ಬಿಟ್ಟು ಎರಡು ವರ್ಷ ಆತು, ಕಿವಿ ಸ್ವಚ್ಛ ಅದ." ಮಾತಾಡಿದ ಕೂಡಲೇ ಬಾಯಿ ಅವನದಾಯಿತು. ಮಾತಾಡುವಾಗ ಅದು ಒಳ್ಳೆಯ ಎತ್ತಿನ ಹಾಗೆ ಹೇಳಿದಂತೆ ನಡೆಯುತ್ತದೆ.

"ಅಂದ ಮ್ಯಾಲ ರೋಗ ಇಲ್ಲ. ಇದು ರೋಗ ಅಲ್ಲ ಕನಕರಾಜ್, ಆ ಗುಳಿಗಿ ಹೋಗೋವಾಗ ಬಿಟ್ಟು ಹೋದ ಗುರ್ತು."

"ಸರ್, ಹಳೇ ಗುಳಿಗಿನ ಮತ್ತ ತಗೊಂಡ್ರ ಬಾಯಿ ನಿಂದರ್ತದಂತ?" ಇದನ್ನು ಕೇಳಲೆಂದೇ ಅವನು ದೇವದುರ್ಗದಿಂದ ಬೆಳಗಿನ ಬಸ್ಸು ಹಿಡಿದು ಬಂದದ್ದು.

ಸಮೀಉಲ್ಲಾ ಪೆನ್ನಿನ ಮುಚ್ಚಳ ಹಾಕಿದರು. "ನಿಂದರಬಹುದು. ನಾಕು ದಿನ. ಮುಚ್ಚತದ ಅಷ್ಟ, ಹೋಗಂಗಿಲ್ಲ. ಬೂದಿ ಮುಚ್ಚಿದ ಕೆಂಡ ಇದ್ದಂಗ. ಆಮ್ಯಾಲ ಇನ್ನೂ ಜೋರ ಮಾಡ್ತದ. ಆ ದಾರಿ ಬ್ಯಾಡ. ಈಗ ಕೊಟ್ಟದ್ದನ್ನ ಇನ್ನೆರಡು ತಿಂಗಳು ನೋಡೂಣು. ಕೆಲವರಿಗೆ ಪೂರಾ ಹೋಗ್ತದ, ಕೆಲವರು ಅದರ ಜೋಡಿ ಬಾಳೇ ಮಾಡ್ತಾರ." ಆಮೇಲೆ, ಎದ್ದು ನಿಂತವನನ್ನು ತಡೆದು, "ಮಾವನ ಮನ್ಯಾಗ ಹೇಳೀರೇನು ಇನ್ನಾ?" ಎಂದು ಕೇಳಿದರು. "ಹೇಳೀನ್ರಿ" ಎಂದ ಕನಕರಾಜ. ಸುಳ್ಳು ಹೇಳುವಾಗಲೂ ಬಾಯಿ ಎಷ್ಟು ನೆಟ್ಟಗಿರುತ್ತದೆ ಎಂದು ಅವನಿಗೇ ಆಶ್ಚರ್ಯವಾಯಿತು.

ಅಂಗಿಯ ಜೇಬಿನಲ್ಲಿ ಹಳೆಯ ಗುಳಿಗೆಯ ಹಾಳೆ ಇತ್ತು. ಮೂರು ಉಳಿದಿದ್ದವು. ಅವಧಿ ಹೋದ ವರ್ಷವೇ ಮುಗಿದಿತ್ತು. ಅದರ ಪಕ್ಕದಲ್ಲೇ ಒಂದು ಗುಟ್ಕಾ ಪಾಕೀಟು, ಒಡೆಯದ್ದು. ಅವನು ಗುಟ್ಕಾ ತಿನ್ನುವವನಲ್ಲ. ದೇವದುರ್ಗದ ದನದ ದವಾಖಾನೆಯಲ್ಲಿ ಅವನು ಪರಿವೀಕ್ಷಕ. ಬಂದ ರೈತರ ಎದುರು, ಎತ್ತಿನ ಹೊಟ್ಟೆಗೆ ಕಿವಿಯಿಟ್ಟು ಕೇಳುತ್ತ ನಿಂತಾಗ, ಬಾಯಿ ತನ್ನ ಕೆಲಸ ಸುರು ಮಾಡುತ್ತಿತ್ತು. ಒಬ್ಬ ಮುದುಕ "ಸಾಹೇಬ್ರ, ನನಗೂ ಒಂದೀಟು ಕೊಡ್ರಿ" ಎಂದು ಅಂಗೈ ಚಾಚಿದ್ದ. ಆ ದಿನ ಸಂಜೆಯೇ ಕನಕರಾಜ ಪಾಕೀಟು ಕೊಂಡು ಜೇಬಿಗಿಟ್ಟ, ಅದರ ತುದಿ ಹೊರಗೆ ಕಾಣುವ ಹಾಗೆ. ಹುಚ್ಚ ಎನಿಸಿಕೊಳ್ಳುವುದಕ್ಕಿಂತ ಚಟಗಾರ ಎನಿಸಿಕೊಳ್ಳುವುದು ಮೇಲು ಎಂದು ಲೆಕ್ಕ ಹಾಕಿದ್ದ. ಉಳಿದ ಹೊತ್ತು ಮಾತು. ಕುರಿ ಕಾಯುವ ಮನೆಯ ಹುಡುಗ, ದಿನಕ್ಕೆ ನಾಲ್ಕು ಮಾತು ಆಡಿದರೆ ಹೆಚ್ಚು ಎನ್ನುವವನು, ಈಗ ಎರಡು ವರ್ಷಗಳಿಂದ ಎಡೆಬಿಡದೆ ಮಾತಾಡುತ್ತಿದ್ದ. ಬಿಸಿಲಿನ ಬಗ್ಗೆ, ಕಾಲುವೆಗೆ ನೀರು ಬಿಡದ ಬಗ್ಗೆ, ಲಸಿಕೆ ಪೆಟ್ಟಿಗೆಯ ಬರ್ಫದ ಬಗ್ಗೆ. ದವಾಖಾನೆಯ ಜವಾನ ಜಗದೀಶ ಅವನಿಗೆ ರೇಡಿಯೋ ಎಂದು ಹೆಸರಿಟ್ಟಿದ್ದ. ಯಾರಾದರೂ ಮಾತಾಡತೊಡಗಿದರೆ ಕನಕರಾಜ ನಡುವೆ ಬಾಯಿ ಹಾಕಿಬಿಡುತ್ತಿದ್ದ, ಏಕೆಂದರೆ ಕೇಳುತ್ತ ಕೂತರೆ ಬಾಯಿ ಹೊರಬೀಳುತ್ತದೆ. "ನೀವು ನನ್ನ ಒಂದು ಮಾತೂ ಕೇಳಂಗಿಲ್ಲ" ಎಂದು ಉಮಾದೇವಿ ಅಂದದ್ದು ಕೋಪದಲ್ಲಲ್ಲ, ಸುಸ್ತಿನಲ್ಲಿ. ನಿಜ, ಎರಡು ವರ್ಷದಿಂದ ಅವನು ಹೆಂಡತಿಯ ಒಂದು ಮಾತನ್ನೂ ಕೊನೆಯವರೆಗೆ ಕೇಳಿರಲಿಲ್ಲ.

ಅವಳು ಮಾನ್ವಿಯ ತವರಿಗೆ ಹೋಗಿ ಎರಡು ತಿಂಗಳಾಗಿತ್ತು. ಫೆಬ್ರವರಿಯಲ್ಲಿ ಮಗಳ ಶಾಲೆಯಿಂದ ಫೋನು ಬಂತು. ಮೌನೇಶ್ವರಿಗೆ ಐದು ವರ್ಷ, ಮನೆಯಲ್ಲಿ ಮೌನಿ. ಟೀಚರು ಬಹಳ ನಾಜೂಕಾಗಿ ಹೇಳಿದರಂತೆ: ಹುಡುಗಿ ಒಬ್ಬಳೇ ಕೂತಾಗ ಬಾಯಿ ಒಂಥರಾ ಮಾಡುತ್ತಾಳೆ, ಯಾರಿಗಾದರೂ ತೋರಿಸಿದರೆ ಒಳ್ಳೆಯದು. ಆ ಸಂಜೆ ಗಂಡ ಹೆಂಡತಿ ಇಬ್ಬರೂ ಅಡುಗೆಮನೆಯ ಬಾಗಿಲ ಮರೆಯಲ್ಲಿ ಕಳ್ಳರಂತೆ ನಿಂತು ನೋಡಿದರು. ಮಗು ಗೊಂಬೆಯನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿತ್ತು. ಅದರ ದವಡೆ ಅಗಲವಾಗಿ ಹೊರಳಿತು. ತುಟಿ ಬಿಚ್ಚಿತು, ಸಣ್ಣ ನಾಲಿಗೆಯ ತುದಿ ಹಾಲುಹಲ್ಲಿಗೆ ತಾಗಿ ಹಿಂದೆ ಹೋಯಿತು. ದನಿ ಇರಲಿಲ್ಲ. ಅವನ ಬಾಯಿಯೇ, ಸಣ್ಣದಾಗಿ, ಅಲ್ಲಿ ನಡೆಯುತ್ತಿತ್ತು. ಉಮಾದೇವಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಮರುದಿನ ಬ್ಯಾಗು ಕಟ್ಟಿದಳು. ಅವಳ ಅಪ್ಪನಿಗೆ ಏನೂ ಗೊತ್ತಿರಲಿಲ್ಲ, ಮದುವೆಗೆ ಮೊದಲೂ ಹೇಳಿರಲಿಲ್ಲ, ಆಮೇಲೂ ಇಲ್ಲ. "ನಿಮ್ಮ ಬಾಯಿ ನಿಂದ್ರೂ ತನಕ ಕೂಸಿನ್ನ ಕಳಸಂಗಿಲ್ಲ" ಎಂದು ಹೋದ ವಾರ ಫೋನಿನಲ್ಲಿ ಹೇಳಿದ್ದಳು. "ಗುಳಿಗಿ ಮತ್ತ ತಗೊಂಡ್ರ ಏನ ಆಗ್ತದ? ಆವಾಗ ಸುಮ್ಮನರೆ ಇರ್ತಿದ್ರಿ. ಭಾನುವಾರ ಬರ್ರಿ, ಬಂದ್ರ ನೆಟ್ಟಗಾಗಿ ಬರ್ರಿ, ಅಪ್ಪ ಕೇಳಾಕತ್ಯಾನ." ಇವತ್ತು ಭಾನುವಾರ. ನೆಟ್ಟಗಾಗುವುದು ಜೇಬಿನಲ್ಲಿತ್ತು.

ಮಾನ್ವಿಯ ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಊರು ದಾಟಿದ ಮೇಲೆ ಕೊಯ್ದ ಭತ್ತದ ಗದ್ದೆಗಳು, ಜಾಲಿ, ಮತ್ತೆ ಗದ್ದೆ. ಗಾಜಿನಲ್ಲಿ ಅವನ ಮುಖ ತೇಲುತ್ತಿತ್ತು, ಅದರೊಳಗಿಂದ ಹೊಲಗಳು ಓಡುತ್ತಿದ್ದವು. ಆ ಮುಖದ ಬಾಯಿ ಆಡುತ್ತಿರುವುದನ್ನು ಅವನು ಬಹಳ ಹೊತ್ತು ನೋಡಿದ. ಎಷ್ಟೋ ಸಲ ಬಚ್ಚಲಿನ ಕನ್ನಡಿಯಲ್ಲಿ ಹೀಗೇ ನಿಂತು, ಅದು ಏನನ್ನುತ್ತಿದೆ ಎಂದು ಓದಲು ನೋಡಿದ್ದಾನೆ. ತನ್ನ ಬಾಯಿಯನ್ನು ತಾನೇ ಓದುವುದು ಆಗುವುದಿಲ್ಲ. ನೋಡುವ ಕಣ್ಣಿಗೆ ಗಮನ ಹೋದ ಕೂಡಲೇ ತುಟಿ ಬೇರೆ ಏನೋ ಮಾಡುತ್ತದೆ. ತಲೆ ಎತ್ತಿದಾಗ ಎದುರು ಸೀಟಿನಲ್ಲಿ, ಡ್ರೈವರಿಗೆ ಬೆನ್ನು ಮಾಡಿ ಕೂತ ಮುದುಕಿಯೊಬ್ಬಳು ಅವನನ್ನೇ ನೋಡುತ್ತಿದ್ದಳು. ಬಿಳಿಯ ಸೆರಗು ತಲೆಯ ಮೇಲೆ, ಮಡಿಲಲ್ಲಿ ಮಲ್ಲಿಗೆಯ ಪೊಟ್ಟಣ. ಅವಳು ತಲೆ ಆಡಿಸಿದಳು. "ಹ್ಞೂಂ" ಎಂದಳು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ "ಹ್ಞೂಂ ಹೌದು" ಎಂದಳು, ಅವನು ಏನೋ ಹೇಳುತ್ತಿದ್ದಾನೆ, ತಾನು ಕೇಳುತ್ತಿದ್ದೇನೆ ಎನ್ನುವ ಹಾಗೆ. ಅವನು ಕೈಯಿಂದ ಬಾಯಿ ಮುಚ್ಚಿಕೊಂಡ.

"ಮುಚ್ಚಬ್ಯಾಡ ಬೇಟಾ" ಎಂದಳು ಮುದುಕಿ, ಕಿವುಡರು ಮಾತಾಡುವ ದೊಡ್ಡ ದನಿಯಲ್ಲಿ. "ನನಗ ಕಿವಿ ಕೇಳಂಗಿಲ್ಲ, ಇಪ್ಪತ್ತು ವರ್ಷ ಆತು. ಬಾಯಿ ನೋಡಿ ತಿಳ್ಕೊಂತೀನಿ. ಯಾರನ್ನ ಕರಿಯಾಕತ್ತಿ?"

"ಯಾರನ್ನೂ ಇಲ್ಲಬೇ."

"ಕರಿಯಾಕತ್ತಿದ್ದಿ. ಈ ಮಹಬೂಬೀ ಕಣ್ಣು ಸುಳ್ಳು ಹೇಳಂಗಿಲ್ಲ." ಬಸ್ಸು ಕಲ್ಲೂರು ಹತ್ತಿರ ಬಂದಿತ್ತು. ಅವಳು ಪೊಟ್ಟಣ ಎತ್ತಿಕೊಂಡು ಎದ್ದಳು, ಕಂಬಿ ಹಿಡಿದು ಅವನ ಕಡೆ ಬಾಗಿದಳು. "ಪಾಪ, ಬಾಳ ಹೊತ್ತಿನಿಂದ ಕರಿಯಾಕತ್ತಿ. ಬರ್ತಾರ ತಗೋ" ಎಂದು ಹೇಳಿ ಇಳಿದು ಹೋದಳು.

ಅವನ ಕುತ್ತಿಗೆಯ ಹಿಂದೆ ಬೆವರು ತಣ್ಣಗಾಯಿತು. ಹದಿನಾಲ್ಕು ವರ್ಷದ ಹಿಂದೆ, ರಾಯಚೂರಿನಲ್ಲಿ ಕೋಣೆ ಮಾಡಿಕೊಂಡು ಓದುತ್ತಿದ್ದಾಗ, ಮೊದಲ ಸಲ ಆ ಕರೆ ಕೇಳಿದ್ದು ಹೀಗೆಯೇ ನಡುಹಗಲಿನಲ್ಲಿ, ಕೈಯಲ್ಲಿ ಚಹಾದ ಲೋಟ ಹಿಡಿದು ನಿಂತಿದ್ದಾಗ. ಯಾರೋ ಹಿಂದಿನಿಂದ ಕರೆದರು. ಕನಕಾ. ಅವ್ವನ ದನಿಯ ಹಾಗಿತ್ತು, ಆದರೆ ಅವ್ವನದಲ್ಲ, ಅದಕ್ಕಿಂತ ತೆಳು. ಮತ್ತೆ, ಕನಕಾ. ಅವನು ತಿರುಗಲಿಲ್ಲ. ಕುರಿಯ ಹಿಂಡಿನೊಡನೆ ಬಯಲಲ್ಲಿ ಮಲಗುವ ಜನಕ್ಕೆ ಒಂದು ಕಟ್ಟು ಇದೆ, ಅವ್ವ ಅದನ್ನು ಹಾಲಿನ ಜೊತೆಗೇ ಕುಡಿಸಿದ್ದಳು: ಒಂದು ಕರೆ ಗಾಳಿಯದು, ಎರಡು ಕರೆ ದೆವ್ವದ್ದು, ಮೂರನೇದು ಮನುಷ್ಯರದು. ಮೂರನೇ ಸಲ ಕರೆದರೆ ಮಾತ್ರ ಓ ಎನ್ನಬೇಕು, ಅಂದ ಮೇಲೆ ಎದ್ದು ಹೋಗಬೇಕು. ಮನೆಯವರೇ ಕರೆಯುವುದಿದ್ದರೂ ಮೂರು ಸಲ ಕರೆಯುತ್ತಾರೆ. ಅವನು ಮೂರನೆಯದಕ್ಕೆ ಕಾದ. ಅದು ಬರಲಿಲ್ಲ. ಮರುದಿನ ಮತ್ತೆ ಎರಡು. ಏಳು ತಿಂಗಳು ಹೀಗೇ ಎರಡೆರಡು ಸಲ ಕರೆಸಿಕೊಂಡು, ಮೂರನೆಯದನ್ನು ತಪ್ಪಿಸಿಕೊಂಡೇನೆಂಬ ಭಯಕ್ಕೆ ನಿದ್ದೆ ಬಿಟ್ಟ, ಪರೀಕ್ಷೆ ಬಿಟ್ಟ, ಯಾರಾದರೂ ಗದ್ದಲ ಮಾಡಿದರೆ ಹೊಡೆಯಲು ಹೋದ. ತನ್ನೂರು ಕಲ್ಲೂರಿನ ಹೊಲದ ಬದುವಿನಲ್ಲಿ ಬಿಸಿಲಿಗೆ ಕಿವಿಯೊಡ್ಡಿ ಮೂರು ದಿನ ನಿಂತವನನ್ನು ಅಪ್ಪನೂ ಅಣ್ಣ ಮೂಕಪ್ಪನೂ ಕಂಬಳಿಯಲ್ಲಿ ಸುತ್ತಿ ದವಾಖಾನೆಗೆ ತಂದರು. ಯಾರೋ ಕರೆಯುತ್ತಾರೆ ಎಂದಷ್ಟೇ ಡಾಕ್ಟರಿಗೆ ಹೇಳಿದ. ಎಷ್ಟು ಸಲ ಎಂದು ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ, ಹೆಂಡತಿಗೂ ಇಲ್ಲ. ಗುಳಿಗೆ ಸುರುವಾದ ಮೇಲೆ ಕರೆ ನಿಂತಿತು. ಈಗ ಗುಳಿಗೆಯೂ ಹೋಗಿದೆ, ಕರೆಯುವವರೂ ಇಲ್ಲ. ಕಿವಿಯಿಂದ ಹೊರಟದ್ದು ಎಲ್ಲಿಗೆ ಹೋಯಿತು ಎಂದು ಮಾತ್ರ ಅವನು ಕೆಲವು ಸಲ ಯೋಚಿಸುತ್ತಿದ್ದ, ಯೋಚಿಸಿ ಜೋರಾಗಿ ಮಾತಾಡತೊಡಗುತ್ತಿದ್ದ.

"ಕನಕಾ!" ಎಂದು ಹಿಂದಿನಿಂದ ಯಾರೋ ಕರೆದರು. ಅವನು ಕಲ್ಲಾದ. "ಕನಕಾ!" ಬಸ್ಸಿನ ಎಂಜಿನ್ನು ಗುರುಗುಟ್ಟುತ್ತಿತ್ತು. "ಏ ಕನಕಾ, ಕಿವಿ ಕೇಳಂಗಿಲ್ಲೇನಲೇ" ಎಂದು ಮೂರನೇ ಸಲಕ್ಕೆ ಬೈಗುಳ ಸೇರಿಸಿ, ಅವ್ವ ಬೂದೆಮ್ಮ ಹಿಂದಿನ ಬಾಗಿಲಿನಿಂದ ಹತ್ತಿ ಬಂದಳು. ಅವಳು ಕಲ್ಲೂರಿನಲ್ಲಿ ಹಿರಿಮಗನ ಜೊತೆ ಇರುವವಳು. ಸೊಸೆಯನ್ನು ಕರೆತರಲು ಗಂಡನೊಬ್ಬನೇ ಹೋಗುವುದು ಸರಿಯಲ್ಲ, ಹಿರಿಯರೊಬ್ಬರು ಇರಬೇಕು ಎಂದು ತಾನೇ ಹಟ ಮಾಡಿ ಬಂದಿದ್ದಳು. ಮೈಯಿಂದ ಉಣ್ಣೆಯ, ಕುರಿಹಾಲಿನ ವಾಸನೆ. ಮಗನ ಪಕ್ಕ ಕೂತು, ಸೆರಗಿನಿಂದ ಮುಖ ಒರೆಸಿಕೊಂಡು, ಅವನ ಬಾಯಿಯನ್ನು ನೋಡಿದಳು. ನೋಡಿ ಅವಳಿಗೆ ಸಂತೋಷವಾಯಿತು. ಇದೊಂದು ಅವನಿಗೆ ಯಾವತ್ತೂ ತಡೆಯಲಾಗದ್ದು. ಮೆಲಕು ಹಾಕುವ ಕುರಿಗೆ ರೋಗವಿಲ್ಲ. ಮೆಲಕು ಬಿಟ್ಟ ಕುರಿ ಸಾಯುತ್ತದೆ. ಅರವತ್ತು ವರ್ಷ ಹಿಂಡಿನ ಬಾಯಿ ನೋಡಿಯೇ ದಿನ ಬೆಳಗು ಮಾಡಿದವಳು ಅವಳು. ಗುಳಿಗೆ ತಿನ್ನುತ್ತಿದ್ದ ಹನ್ನೆರಡು ವರ್ಷ ಮಗ ಮರದ ಹಾಗೆ ಮುಖ ಹಾಕಿಕೊಂಡು ಕೂತಿರುತ್ತಿದ್ದ, ಆಗ ಅವಳು ಹೊರಗೆ ಹೋಗಿ ಅಳುತ್ತಿದ್ದಳು. ಈಗ ಬಾಯಿ ಆಡುತ್ತಿದೆ. "ಚೊಲೋ ಆತು" ಎಂದು ಅವನ ತೊಡೆ ತಟ್ಟಿದಳು. "ಮೆಲಕು ಹಾಕಾಕತ್ತಿ. ಇನ್ನ ಹೆದರಿಕಿಲ್ಲ." ಅದು ಕನಕರಾಜ ತಾನೂ ದಿನಕ್ಕೆ ಇಪ್ಪತ್ತು ಸಲ ರೈತರನ್ನು ಕೇಳುವ ಮಾತು: ಮೆಲಕು ಹಾಕ್ತದೇನು? ಹಾಕಿದರೆ ಮನೆಗೆ ಹೊಡೆದುಕೊಂಡು ಹೋಗ್ರಿ.

ಅಪ್ಪ ತೀರಿಕೊಂಡಾಗಲೂ ಅವನ ಬಾಯಿ ನೆಟ್ಟಗಿತ್ತು. ನಾಲ್ಕು ವರ್ಷದ ಹಿಂದೆ. ಗುಂಡಿಯೊಳಗೆ ಅಪ್ಪನನ್ನು ಕೂಡಿಸಿ ಮೇಲೆ ಕಂಬಳಿ ಹೊದಿಸಿದ್ದರು, ಮೂಕಪ್ಪ ನೆಲಕ್ಕೆ ಬಿದ್ದು ಹೊರಳುತ್ತಿದ್ದ, ಇವನು ಒಂದು ಹಿಡಿ ಮಣ್ಣು ಹಾಕಿ, ಕೈ ಕೊಡವಿ, ದೇವದುರ್ಗದ ಬಸ್ಸು ಎಷ್ಟಕ್ಕೆ ಎಂದು ಯೋಚಿಸಿದ್ದ. "ಅಳಲೇ ಯಪ್ಪಾ, ಒಂದ ಹನಿ ಅಳು" ಎಂದು ಅವ್ವ ಅವನ ಗಲ್ಲ ಹಿಡಿದು ಅಲುಗಾಡಿಸಿದ್ದಳು. ಅಳು ಎಲ್ಲಿದೆ ಎಂದು ಅವನು ಪ್ರಾಮಾಣಿಕವಾಗಿಯೇ ಹುಡುಕಿದ್ದ. ಬೀಗರು ಮೆಚ್ಚಿಕೊಂಡರು: ಅಳಿಯಂದು ಎಂಥಾ ಗಟ್ಟಿ ಮನಸ್ಸು. ಗುಳಿಗೆ ಬಿಟ್ಟು ಆರು ತಿಂಗಳಾದ ಮೇಲೆ, ಒಂದು ಕುರಿಗೆ ಸೂಜಿ ಚುಚ್ಚುತ್ತ, ಕೈಗೆ ಅದರ ಬಿಸಿ ಉಸಿರು ತಾಗಿದಾಗ, ಅಪ್ಪ ಸತ್ತದ್ದು ಅವನಿಗೆ ಗೊತ್ತಾಯಿತು. ದವಾಖಾನೆಯ ಹಿಂದೆ ಹೋಗಿ ಗೋಡೆಗೆ ಹಣೆ ಹಚ್ಚಿ ಅತ್ತ. ಅಳುವಾಗಲೂ ಬಾಯಿ ತನ್ನ ಪಾಡಿಗೆ ಅರೆಯುತ್ತಿತ್ತು. ಈಗ ಜೇಬಿನಲ್ಲಿರುವುದನ್ನು ನುಂಗಿದರೆ ಮಗಳು ಮನೆಗೆ ಬರುತ್ತಾಳೆ. ಬಂದ ಮಗಳನ್ನು ಮರದ ಮುಖ ಹಾಕಿಕೊಂಡು ನೋಡಬೇಕಾಗುತ್ತದೆ. ಅತ್ತ ದರಿ ಇತ್ತ ಪುಲಿ ಅನ್ನುವುದು ಇದಕ್ಕೇ ಇರಬೇಕು.

ಮಾನ್ವಿ ಬಸ್ ನಿಲ್ದಾಣದ ನಲ್ಲಿಯ ಹತ್ತಿರ ಅವ್ವನನ್ನು ನೆರಳಿಗೆ ಕೂಡಿಸಿ, ಬೆನ್ನು ತಿರುಗಿಸಿ ನಿಂತು ಹಾಳೆಯಿಂದ ಒಂದು ಗುಳಿಗೆ ಒತ್ತಿ ತೆಗೆದ. ಒಂದೇ ಒಂದು. ಇವತ್ತಿಗೆ ಮಾತ್ರ. ಡಾಕ್ಟರರ ಬೂದಿ, ಕೆಂಡ ಎಲ್ಲ ನೆನಪಾಯಿತು. ಅದರ ಜೊತೆಗೇ ಉಮಾದೇವಿ ಸೆರಗು ಬಾಯಿಗೆ ಒತ್ತಿಕೊಂಡದ್ದೂ ನೆನಪಾಯಿತು. ನಾಲಿಗೆಯ ಮೇಲಿಟ್ಟುಕೊಂಡು ಬೊಗಸೆಯಲ್ಲಿ ನೀರು ಹಿಡಿಯುವಷ್ಟರಲ್ಲಿ ನಾಲಿಗೆ ಅದನ್ನು ಹೊರಗೆ ದೂಡಿತು. ಗುಳಿಗೆ ಅಂಗಿಯ ಮೇಲೆ ಬಿತ್ತು. ಎತ್ತಿ ಮತ್ತೆ ಇಟ್ಟ. ಮತ್ತೆ ದೂಡಿತು. ಹನ್ನೆರಡು ವರ್ಷ ಅದನ್ನೇ ನುಂಗಿದ ನಾಲಿಗೆ. "ಏನಲೇ ಅದು?" ಅವ್ವ ಹಿಂದೆ ಬಂದು ನಿಂತಿದ್ದಳು. "ತಲಿನೋವಿಂದು" ಎಂದ. "ನುಂಗಾಕ ಬರವಲ್ದು."

"ಹಿಂಗ್ಯಾಕ ಉಗುಳ್ತಿ, ಮರಿ ಉಗುಳಿದಂಗ. ತಾ ಇಲ್ಲಿ."

ಅವನು ಬೇಡ ಎನ್ನುವ ಮೊದಲೇ ಅವಳ ಎಡಗೈ ಅವನ ದವಡೆಯ ಕೆಳಗೆ ಬಂದಿತ್ತು. ಸಾವಿರ ಮರಿಗಳಿಗೆ ಔಷಧಿ ಕುಡಿಸಿದ ಕೈ. ಹೆಬ್ಬೆಟ್ಟು ಒಂದು ಕೆನ್ನೆಗೆ, ಬೆರಳು ಇನ್ನೊಂದು ಕೆನ್ನೆಗೆ, ಒತ್ತಿದರೆ ಬಾಯಿ ತೆರೆಯಲೇಬೇಕು. ಬಲಗೈಯ ಬೆರಳು ನಾಲಿಗೆಯ ಹಿಂದಕ್ಕೆ ಗುಳಿಗೆಯನ್ನು ತಳ್ಳಿತು. ಬಾಯಿ ಮುಚ್ಚಿಸಿ, ಮುಖವನ್ನು ಮೇಲೆತ್ತಿ, ಗಂಟಲನ್ನು ಮೇಲಿನಿಂದ ಕೆಳಕ್ಕೆ ನೀವತೊಡಗಿದಳು. "ಹಾ, ಹಾ, ನುಂಗು, ನನ್ನ ಬಂಗಾರ." ನಲ್ಲಿಯ ಹತ್ತಿರ ನಿಂತಿದ್ದವರು ನೋಡುತ್ತಿದ್ದರು. ಕಾಲೇಜು ಹುಡುಗಿಯರಿಬ್ಬರು ನಕ್ಕರು. ಮೂವತ್ತೆಂಟು ವರ್ಷದ ಸರಕಾರಿ ನೌಕರ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಅವ್ವನ ಕೈಯಲ್ಲಿ ಆಕಾಶ ನೋಡುತ್ತ ನಿಂತಿದ್ದ. ಅವನು ನುಂಗಿದ ಹಾಗೆ ಗಂಟಲು ಆಡಿಸಿದ. ಅವ್ವ ಕೈ ಬಿಟ್ಟಳು. ಜಾಣ ಕುರಿಗಳು ಏನು ಮಾಡುತ್ತವೆ ಎಂದು ಅವನಿಗೂ ಗೊತ್ತಿತ್ತು. ಗುಳಿಗೆ ಎಡಗೆನ್ನೆಯೊಳಗೆ ಕೂತಿತ್ತು, ನಿಧಾನವಾಗಿ ಕರಗುತ್ತ, ಹಳೆಯ ಕಹಿಯನ್ನು ಬಿಡುತ್ತ. ಉಗುಳಲೂ ಇಲ್ಲ, ನುಂಗಲೂ ಇಲ್ಲ. ಮಾವನ ಮನೆ ತಲುಪುವುದರೊಳಗೆ ಎರಡರಲ್ಲಿ ಒಂದು ಮಾಡಿದರಾಯಿತು ಎಂದುಕೊಂಡು ನಡೆದ.

ಮಾವ ಹನುಮಂತ್ರಾಯ, ನಿವೃತ್ತ ಹೆಡ್ಮಾಸ್ತರರು, ಪಡಸಾಲೆಯಲ್ಲೇ ಕಾಯುತ್ತಿದ್ದರು. "ಬರ್ರಿ ಅಳಿಯಾರ. ಬರ್ರಿ ಬೀಗ್ರ, ಬಿಸಲಾಗ ಬಂದೀರಿ." ಉಮಾದೇವಿ ತಂಬಿಗೆಯಲ್ಲಿ ನೀರು ತಂದಿಟ್ಟಳು, ಗಂಡನ ಬಾಯಿಯನ್ನು ನೋಡಿದಳು, ಅಲ್ಲೇ ಗೋಡೆಗೆ ಆತು ನಿಂತಳು. ದಾರಿಯುದ್ದಕ್ಕೂ ಅವನು ಆಡಬೇಕಾದ ಮಾತುಗಳನ್ನು ಜೋಡಿಸಿಕೊಂಡು ಬಂದಿದ್ದ. ಬಿಸಿಲು, ಕಾಲುವೆ, ಬರ್ಫದ ಪೆಟ್ಟಿಗೆ. ಒಂದು ಗಂಟೆ ಎಡೆಬಿಡದೆ ಮಾತಾಡಿದರೆ ಬಾಯಿ ಗೆದ್ದಂತೆ. ಆದರೆ ಕೆನ್ನೆಯಲ್ಲಿ ಗುಳಿಗೆ ಇತ್ತು, ಮಾತಾಡಿದರೆ ಅದು ಹೊರಗೆ ಬೀಳುತ್ತಿತ್ತು. ಹಾಗಾಗಿ ಸುಮ್ಮನೆ ಕೂತ. ಬಾಯಿ ಸುರು ಮಾಡಿತು. ಮಾವ ಮಳೆಯ ಬಗ್ಗೆ ಏನೋ ಹೇಳುತ್ತ ಹೇಳುತ್ತ ನಿಲ್ಲಿಸಿದರು. ಪಡಸಾಲೆಯಲ್ಲಿ ಎಲ್ಲರೂ ಒಂದು ಬಾಯಿಯನ್ನು ನೋಡುತ್ತ ಕೂತ ಹಾಗಾಯಿತು.

"ಬಾಯಾಗೇನದ? ಗುಟ್ಕಾ ಏನ್ರಿ?" ಎಂದರು ಹನುಮಂತ್ರಾಯರು ಕೊನೆಗೆ. ಜೇಬಿನ ಪಾಕೀಟಿನ ತುದಿ ಅವರ ಕಣ್ಣಿಗೆ ಬಿದ್ದಿತ್ತು. ಅವರ ಮುಖದಲ್ಲಿ ದೊಡ್ಡ ಭಾರ ಇಳಿದ ಲಕ್ಷಣ ಕಂಡಿತು. "ಇದರ ಸಲುವಾಗಿ ಜಗಳೇನು ನಿಮ್ಮಿಬ್ಬರದು? ಹೋಗಿ ಉಗುಳಿ ಬರ್ರಿ, ನಾಚಿಗ್ಯಾಕ. ಯಾರು ತಿನ್ನಂಗಿಲ್ಲ ಈಗ."

ತಲೆ ಆಡಿಸಿದರೆ ಮುಗಿಯುತ್ತಿತ್ತು. ಉಮಾದೇವಿ ಉಸಿರು ಹಿಡಿದದ್ದು ಅವನಿಗೆ ಕೇಳಿತು.

"ಗುಟ್ಕಾ ಅಲ್ಲ ತಾತಾ."

ಮೌನಿ ಒಳಬಾಗಿಲಲ್ಲಿ ನಿಂತಿದ್ದಳು, ಕೈಯಲ್ಲಿ ಅದೇ ಗೊಂಬೆ. ಎರಡು ತಿಂಗಳಲ್ಲಿ ಉದ್ದವಾಗಿದ್ದಳು. ಅಪ್ಪನ ಹತ್ತಿರ ಓಡಿ ಬರಲಿಲ್ಲ. ಅಲ್ಲಿಂದಲೇ ಅವನ ಬಾಯಿಯನ್ನು, ಪಾಠ ಓದುವವರ ಹಾಗೆ, ಗಮನವಿಟ್ಟು ನೋಡುತ್ತಿದ್ದಳು. "ಅಪ್ಪನ ಬಾಯಾಗ ಯಾರೋ ಅದಾರ. ಅವರು ಕರಿಯಾಕತ್ಯಾರ."

"ಯಾರನ್ನವ್ವಾ?" ಎಂದರು ತಾತ, ನಗಲು ನೋಡುತ್ತ.

"ಅಪ್ಪನ್ನ. ಕನಕಾ, ಕನಕಾ ಅಂತಾರ. ಎರಡ ಸಲ. ಆಮ್ಯಾಲ ಸುಮ್ಮಾಗ್ತಾರ. ಮತ್ತ ಎರಡ ಸಲ ಅಂತಾರ. ನೋಡ್ರಿ, ಹಿಂಗ." ಅವಳು ಗೊಂಬೆಯನ್ನು ಕೆಳಗಿಟ್ಟು ಮಾಡಿ ತೋರಿಸಿದಳು. ತುಟಿ ಬಿಚ್ಚಿತು, ನಾಲಿಗೆಯ ತುದಿ ಹಲ್ಲಿಗೆ ತಾಗಿ ಹಿಂದೆ ಹೋಯಿತು, ಬಾಯಿ ಅಗಲವಾಯಿತು. ದನಿಯಿಲ್ಲದೆ, ಎರಡು ಸಲ. ಟೀಚರು ಫೋನು ಮಾಡಿ ಹೇಳಿದ್ದು ಇದನ್ನೇ, ಬಾಗಿಲ ಮರೆಯಲ್ಲಿ ಅವರಿಬ್ಬರೂ ನೋಡಿ ಹೆದರಿದ್ದೂ ಇದನ್ನೇ. ಕನ್ನಡಿಯಲ್ಲಿ ಎರಡು ವರ್ಷ ನೋಡಿಯೂ ಓದಲಾಗದ್ದನ್ನು ಮಗುವಿನ ಬಾಯಿಯ ಮೇಲೆ ಅವನು ಈಗ ಸುಲಭವಾಗಿ ಓದಿದ. ಕೈಯ ಮೇಲಿನ ಕೂದಲು ನಿಂತವು. ಹೆಸರನ್ನು ಅವಳು ಅಜ್ಜಿಯಿಂದ ಕಲಿತಿರಬಹುದು. ಎರಡು ಸಲ ಎಂಬುದನ್ನು ಈ ಭೂಮಿಯ ಮೇಲೆ ಅವನು ಯಾರಿಗೂ ಹೇಳಿರಲಿಲ್ಲ.

ಅವನು ಗುಳಿಗೆಯನ್ನು ಅಂಗೈಗೆ ಉಗುಳಿದ. ಅರ್ಧ ಕರಗಿ, ಜೊಲ್ಲಿನಲ್ಲಿ ಅಂಟಿಕೊಂಡಿತ್ತು. ಕೈಯನ್ನು ಮಾವನ ಮುಂದೆ ಚಾಚಿದ.

"ಮಾವಾ, ಇದು ಗುಟ್ಕಾ ಅಲ್ರಿ. ತಲಿ ಕೆಟ್ಟವರಿಗೆ ಕೊಡೋ ಗುಳಿಗಿ. ಹನ್ನೆರಡು ವರ್ಷ ತಗೊಂಡೀನಿ. ಕನ್ಯಾ ನೋಡಾಕ ನಿಮ್ಮ ಮನಿಗೆ ಬಂದ ದಿನ ಇದನ್ನ ನುಂಗೇ ಬಂದಿದ್ದೆ. ಹುಡುಗ ಬಾಳ ಶಾಂತ ಅದಾನ ಅಂದ್ರಿ ನೀವು. ಅಂವ ನಾ ಅಲ್ಲ, ಇದು. ಈಗ ಬಿಟ್ಟು ಎರಡು ವರ್ಷ ಆತು. ರೋಗ ಹೋಗ್ಯಾದ, ಬಾಯಿ ಹಿಂಗ ಉಳದದ. ಹೋಗ್ತದೋ ಇಲ್ಲೋ ಡಾಕ್ಟರಿಗೂ ಗೊತ್ತಿಲ್ಲ."

ಹನುಮಂತ್ರಾಯರು ಅಂಗೈಯನ್ನು ನೋಡಿದರು, ಆಮೇಲೆ ಮಗಳನ್ನು. "ನಿನಗ ಗೊತ್ತಿತ್ತೇನು?"

"ಗೊತ್ತಿತ್ತಪ್ಪಾ" ಎಂದಳು ಉಮಾದೇವಿ. "ಲಗ್ನ ಆದ ಮೂರನೇ ತಿಂಗಳಿಗೆ."

ಬೂದೆಮ್ಮ ಬೀಗರ ಕಡೆ ಸರಿದು, ತಪ್ಪು ತಿಳಿದುಕೊಂಡವರಿಗೆ ಬಿಡಿಸಿ ಹೇಳುವ ಹಾಗೆ ಹೇಳಿದಳು: "ಅಂವ ಆರಾಮ ಅದಾನ್ರಿ ಬೀಗ್ರ. ನೀವ ನೋಡ್ರಿ, ಹೆಂಗ ಮೆಲಕು ಹಾಕಾಕತ್ತಾನ." ಹನುಮಂತ್ರಾಯರು ಅವಳನ್ನು ದಿಟ್ಟಿಸಿದರು. "ಮೊದಲ ಒಂದು ಮಾತು ಹೇಳಬೇಕಿತ್ತು" ಎಂದು ಯಾರಿಗೆ ಹೇಳಿದರೋ, ಎದ್ದು ಹೋಗಿ ಕಿಟಕಿಯ ಹತ್ತಿರ ಬೆನ್ನು ಮಾಡಿ ನಿಂತರು. ಕನಕರಾಜನಿಗೆ ನಾಚಿಕೆಯಾಯಿತು, ಭಯವಾಯಿತು, ಎರಡರ ಕೆಳಗೆ ಎಲ್ಲೋ ಹಗುರವೂ ಆಯಿತು. ಉಮಾದೇವಿ ಬಂದು ಅವನ ಅಂಗೈಯಿಂದ ಗುಳಿಗೆಯನ್ನು ತೆಗೆದುಕೊಂಡಳು. ಅವಳೇ ನುಂಗಿಸುತ್ತಾಳೇನೋ ಎಂದುಕೊಂಡ. ಅವಳು ಜೇಬಿಗೆ ಕೈ ಹಾಕಿ ಉಳಿದ ಎರಡನ್ನೂ ತೆಗೆದುಕೊಂಡು ಬಚ್ಚಲಿಗೆ ಹೋದಳು. ನೀರು ಸುರಿದ ಸದ್ದು ಬಂತು. ತಂಬಿಗೆ ಇಟ್ಟ ಸದ್ದು. ಆಮೇಲೆ ಒಳಗಿನ ಕೋಣೆಯಲ್ಲಿ ಕಪಾಟಿನ ಬಾಗಿಲು, ಬ್ಯಾಗಿನ ಜಿಪ್ಪು.

"ಅವರು ಮೂರನೇ ಸಲ ಕರಿಯಂಗೇ ಇಲ್ಲ" ಎಂದಳು ಮೌನಿ, ದೂರು ಹೇಳುವಂತೆ. "ಮೂರನೇ ಸಲ ಕರದ್ರ ಓ ಅನ್ನಬೇಕಂತ ಅಜ್ಜಿ ಹೇಳ್ಯಾಳ. ನಾ ಕರೀಲಾ ಅಪ್ಪಾ?"

ಉತ್ತರಕ್ಕೆ ಕಾಯದೆ ಅವಳು ಅವನನ್ನು ಬಳಸಿ ಅಂಗಳಕ್ಕೆ ಹೋದಳು. ಚಪ್ಪಲಿ ಮೆಟ್ಟಿದ ಸಪ್ಪಳ ಕೇಳಿತು. ಅವಳು ಈಗ ಅವನ ಬೆನ್ನ ಹಿಂದೆ, ಬಿಸಿಲಿನಲ್ಲಿ ಎಲ್ಲೋ ನಿಂತಿದ್ದಳು. ಅವನು ತಿರುಗಲಿಲ್ಲ. ಬಾಯಿ ಆಡುತ್ತಿತ್ತು, ಒಂದು ಸಲ, ಎರಡು ಸಲ. ನಿಂತಿತು.

"ಕನಕಾ."

ಅವ್ವನ ದನಿಯ ಹಾಗಿತ್ತು, ಆದರೆ ಅವ್ವನದಲ್ಲ; ಅದಕ್ಕಿಂತ ತೆಳು. ರಾಯಚೂರಿನ ಕೋಣೆಯಲ್ಲಿ, ಚಹಾದ ಲೋಟ ಹಿಡಿದು ನಿಂತಿದ್ದಾಗ, ಇವಳು ಹುಟ್ಟುವುದಕ್ಕೆ ಒಂಬತ್ತು ವರ್ಷ ಮೊದಲು, ಅವನು ಕೇಳಿದ್ದು ಇದೇ ದನಿ. ತಪ್ಪಲು ಸಾಧ್ಯವೇ ಇರಲಿಲ್ಲ. ಏಳು ತಿಂಗಳು ದಿನವೂ ಕೇಳಿದ ದನಿ. ಇದು ಮತ್ತೆ ಸುರುವಾದ ರೋಗವೋ ಏನೋ, ನಾಳೆಯೇ ಸಮೀಉಲ್ಲಾ ಅವರಿಗೆ ಫೋನು ಮಾಡಿ ಎಲ್ಲ ಹೇಳಬೇಕು, ಎಷ್ಟು ಸಲ ಎಂಬುದನ್ನೂ ಬಿಡದೆ ಹೇಳಬೇಕು ಎಂದುಕೊಂಡ. ಅದು ನಾಳೆಯ ಮಾತು.

"ಓ" ಎಂದ ಕನಕರಾಜ. ಹದಿನಾಲ್ಕು ವರ್ಷದಿಂದ ಗಂಟಲಲ್ಲಿ ಕೂತಿದ್ದದ್ದು ಅಷ್ಟು ಸಣ್ಣ ಮಾತಾಗಿತ್ತು. ಅವ್ವ ಸೆರಗು ಸರಿಮಾಡಿಕೊಂಡು ಎದ್ದಳು. ಕಿಟಕಿಯ ಹತ್ತಿರ ನಿಂತ ಮಾವ ತಿರುಗಿ ನೋಡಿದರು.

"ಓ ಅಂದ ಮ್ಯಾಲ ಬರಬೇಕು" ಎಂದು ಹೊರಗಿನಿಂದ ಹೇಳಿತು ಮಗು.

ಅವನು ಎದ್ದು ಹೋದ.